ಕ್ಯಾಸೆಟ್ ಮಾಮ ಹೇಳಿದ ಥ್ಯಾಂಕ್ಸು

ಹೋದ ತಿಂಗಳು ಊರಿಂದ ಒಂದು ಫೋನು ಬಂತು.

"ನಾನು ಕಣೋ, ಅಂಗಡಿಯಿಂದ ಮಾತಾಡ್ತಿರೋದು. ಈ ತಿಂಗಳ ಕೊನೆಗೆ ಬಾಗಿಲು ಹಾಕ್ತಾ ಇದೀನಿ. ಗಾಬರಿ ಬೀಳ್ಬೇಡ, ಸಾಲ ಗೀಲ ಏನಿಲ್ಲ. ವಯಸ್ಸಾಯ್ತು, ಮಂಡಿ ನೋವು ಅಷ್ಟೆ. ಹಳೇ ಗಿರಾಕಿಗಳಿಗೆಲ್ಲ ಒಂದು ಥ್ಯಾಂಕ್ಸ್ ಹೇಳ್ಬೇಕು ಅನ್ನಿಸ್ತು. ಬಿಡುವಾದ್ರೆ ಬಂದು ಹೋಗು."

ಶಿವಮೊಗ್ಗದ ದುರ್ಗಿಗುಡಿ ಕಡೆಯ ಒಂದು ಸಣ್ಣ ಅಂಗಡಿ ಅದು. 1986ರಲ್ಲಿ ಕ್ಯಾಸೆಟ್ ಮಾರೋಕೆ ಅಂತ ಶುರುವಾಗಿ, ಆಮೇಲೆ ಸಿಡಿ, ಕೊನೆಕೊನೆಗೆ ಹಾರ್ಮೋನಿಯಂ, ತಬಲಾ, ಗಿಟಾರ್ ತಂತಿ, ಭಜನೆ ತಾಳ ಎಲ್ಲ ಸೇರಿಕೊಂಡಿತ್ತು. ನಮ್ಮ ಕಾಲೇಜಿನ ಗುಂಪಿಗೆಲ್ಲ ಅವರು 'ಕ್ಯಾಸೆಟ್ ಮಾಮ'. (ನಿಜವಾದ ಹೆಸರು ಹಾಕ್ಬೇಡ ಮಾರಾಯ ಅಂದಿದ್ದಾರೆ. ಹಾಕಲ್ಲ.)

ಫೋನ್ ಇಟ್ಟ ಮೇಲೆ ಒಂಥರಾ ಕಸಿವಿಸಿ. ನನಗ್ಯಾಕೆ ಥ್ಯಾಂಕ್ಸು? ನಾನು ಆ ಅಂಗಡಿಯಲ್ಲಿ ದುಡ್ಡು ಕೊಟ್ಟು ಏನಾದ್ರೂ ಕೊಂಡು ಎಷ್ಟು ವರ್ಷ ಆಯ್ತು? ಲೆಕ್ಕ ಹಾಕೋಕೆ ಕೂತೆ. ಲೆಕ್ಕ ಸಿಕ್ಕಿದ ಮೇಲೆ ನಾಚಿಕೆ ಆಯ್ತು. ಅದನ್ನ ಇಲ್ಲಿ ಬರೆದುಬಿಡೋಣ ಅಂತ ಈ ಪೋಸ್ಟು.

ಈಗಿನ ಹುಡುಗರಿಗಾಗಿ ಸ್ವಲ್ಪ ಹಿನ್ನೆಲೆ. ಗ್ರಾಮಫೋನು, ಎಲ್‌ಪಿ ಎಲ್ಲ ಇದ್ದದ್ದು ಉಳ್ಳವರ ಮನೇಲಿ. ಹಾಡನ್ನ ನಮ್ಮಂಥವರ ಮನೆಗೆ ತಂದದ್ದು ಕ್ಯಾಸೆಟ್ಟು. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಕ್ಯಾಸೆಟ್ಟಾಗಿ ಬಂದದ್ದರಿಂದಲೇ ಪುಸ್ತಕ ಮುಟ್ಟದ ಮನೆಗಳಲ್ಲೂ ಭಾವಗೀತೆ ಕೇಳಿಸಿತು. ನಮ್ಮ ಮಲೆನಾಡಿನಲ್ಲಂತೂ ಯಕ್ಷಗಾನದ ಕ್ಯಾಸೆಟ್ಟಿಗೆ ಬೇರೆಯದೇ ಗೌರವ. ಕಾಳಿಂಗ ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡರಲ್ಲ, ಆಗ ಅವರಿಗಿನ್ನೂ ಚಿಕ್ಕ ವಯಸ್ಸು. ಆಮೇಲೆ ಹುಟ್ಟಿದವರಿಗೂ ಆ ಕಂಠ ಗೊತ್ತಿದ್ದರೆ ಅದು ಕ್ಯಾಸೆಟ್ಟಿನ ಪುಣ್ಯ. ಅಡಿಕೆ ಮಂಡಿಗೆ ಬಂದವರು ವಾಪಸ್ ಬಸ್ ಹತ್ತೋ ಮುಂಚೆ ಮಾಮನ ಅಂಗಡಿಗೆ ಬಂದು "ನಾವಡರದ್ದು ಹೊಸದು ಬಂತಾ?" ಅಂತ ಕೇಳ್ತಿದ್ದದ್ದು ನಾನೇ ನೋಡಿದೀನಿ. ನಾವಡರು ಹೋಗಿ ಆರು ವರ್ಷ ಆದಮೇಲೂ!

ಮಾಮ ಬರೀ ಮಾರ್ತಿರಲಿಲ್ಲ. ಸುತ್ತಿಕೊಂಡ ಟೇಪನ್ನ ಬಿಡಿಸಿ, ತುಂಡಾಗಿದ್ದರೆ ಅಂಟಿಸಿ, ಪೆನ್ಸಿಲ್ ತೂರಿಸಿ ಸುತ್ತಿ ಕೊಡೋರು. ಪ್ಲೇಯರಿನ ಹೆಡ್ಡನ್ನ ಹತ್ತಿ, ಸ್ಪಿರಿಟ್ಟಿನಲ್ಲಿ ಹೇಗೆ ಒರೆಸಬೇಕು ಅಂತ ಹೇಳಿಕೊಡೋರು. ಕೊಳ್ಳೋ ಮುಂಚೆ ಎರಡು ಹಾಡು ಕೇಳಿಸೋರು. "ಇದು ಬೇಡ, ಒಂದೇ ಹಾಡು ಚೆನ್ನಾಗಿರೋದು, ಮೂವತ್ತು ರೂಪಾಯಿ ದಂಡ" ಅಂತ ಸ್ವಂತ ವ್ಯಾಪಾರಕ್ಕೇ ಕಲ್ಲು ಹಾಕ್ಕೊಳ್ಳೋರು.

ನಾವು ಪಟ್ಟಿ ಬರೆದುಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಸಿಯೂ ಕೊಡ್ತಿದ್ದರು. ಬದಿಗೆ 30 ನಿಮಿಷ, ಆರು ಹಾಡು. ಕೊನೆಗೆ ಹಿಂದಿನ ಎರಡು ಪ್ಲಾಸ್ಟಿಕ್ ಕಿವಿಗಳನ್ನ ಮುರಿದು, "ಇನ್ನು ಯಾರೂ ಇದರ ಮೇಲೆ ಅಳಿಸಿ ಬರೆಯೋಕಾಗಲ್ಲ" ಅಂತ ಕೈಗಿಡೋರು. (ಸಣ್ಣ ಸೆಲ್ಲೋಟೇಪು ಅಂಟಿಸಿದ್ರೆ ಬರೆಯಬಹುದಿತ್ತು ಅನ್ನೋದು ನಮಗೆ ಆಮೇಲೆ ಗೊತ್ತಾಯ್ತು, ಆ ಮಾತು ಬೇರೆ.)

ಆಮೇಲೆ ಎಂಪಿ3 ಬಂತು. ಒಂದೇ ಸಿಡಿಯಲ್ಲಿ ನೂರೈವತ್ತು ಹಾಡು, ಫುಟ್‌ಪಾತಿನಲ್ಲಿ ಪುಡಿಗಾಸಿಗೆ. 2006ರ ಕೊನೆಗೆ 'ಮುಂಗಾರು ಮಳೆ' ಬಂದಾಗ ಊರಿಗೆ ಊರೇ ಅದನ್ನ ಗುನುಗ್ತಿತ್ತು. ನಾನು ಕೇಳಿದ್ದು ಗೆಳೆಯನ ಪೆನ್‌ಡ್ರೈವಿನಿಂದ. ಮುಂದೆ ಮೆಮೊರಿ ಕಾರ್ಡು, ಯೂಟ್ಯೂಬು, 2019ರಲ್ಲಿ ಸ್ಪಾಟಿಫೈ. ಮುಂಬೈಯ ಕಾಲಾ ಘೋಡಾದ ರಿದಮ್ ಹೌಸ್‌ನಂಥ ಹೆಸರಾಂತ ಅಂಗಡಿಯೇ 2016ರಲ್ಲಿ ಬಾಗಿಲು ಹಾಕಿತು. ಆಗ ನಾನೂ ಫೇಸ್‌ಬುಕ್ಕಿನಲ್ಲಿ "ಒಂದು ಯುಗ ಮುಗಿಯಿತು" ಅಂತ ಬರೆದು ಲೈಕು ಗಿಟ್ಟಿಸಿದ್ದೆ.

ಇಲ್ಲೀವರೆಗೆ ನನಗೆ ದೊಡ್ಡ ಪಶ್ಚಾತ್ತಾಪ ಏನಿಲ್ಲ. ನಿಜವಾಗಲೂ ಇಲ್ಲ. ಪ್ಲೇಯರೇ ಇಲ್ಲದ ಮನೆಗೆ ಕ್ಯಾಸೆಟ್ ಕೊಂಡೊಯ್ಯಿ ಅಂದ್ರೆ ಅದು ವ್ಯಾಪಾರ ಅಲ್ಲ, ದಾನ. ಮಾಮ ಭಿಕ್ಷೆ ಕೇಳೋರಲ್ಲ. ಕಾಲ ಬದಲಾಯ್ತು, ಅವರೂ ಬದಲಾಗಿ ವಾದ್ಯ ಮಾರೋಕೆ ಶುರು ಮಾಡಿದ್ರು.

ನನ್ನ ತಪ್ಪು ಶುರುವಾಗೋದು ಅಲ್ಲಿಂದ.

2017ರಲ್ಲಿ ಮಗಳಿಗೆ ಕೀಬೋರ್ಡ್ ಬೇಕು ಅಂತಾಯ್ತು. ರಜೆಗೆ ಊರಿಗೆ ಹೋದಾಗ ಮಾಮನ ಅಂಗಡಿಗೇ ಕರ್ಕೊಂಡು ಹೋದೆ. ಮುಕ್ಕಾಲು ಗಂಟೆ ಅವಳ ಜೊತೆ ಕೂತರು. ಅವಳ ಬೆರಳಿನ ಅಳತೆ ನೋಡಿ, 61 ಕೀ ಸಾಕು, ಒತ್ತಿದ ಜೋರಿಗೆ ತಕ್ಕ ಹಾಗೆ ದನಿ ಬರೋದನ್ನೇ ತಗೋ, ಇಲ್ಲದಿದ್ರೆ ಎರಡು ವರ್ಷಕ್ಕೆ ಬೇಜಾರಾಗತ್ತೆ ಅಂದ್ರು. ಮೂರು ಮಾಡೆಲ್ ನುಡಿಸಿ ತೋರಿಸಿದ್ರು. ನಾನು "ಮನೇಲಿ ಕೇಳಿ ಹೇಳ್ತೀನಿ ಮಾಮ" ಅಂದೆ. ರಾತ್ರಿ ಅದೇ ಮಾಡೆಲನ್ನ ಆನ್‌ಲೈನಿನಲ್ಲಿ ಆರ್ಡರ್ ಮಾಡಿದೆ. ಉಳಿದದ್ದು ಆರುನೂರು ರೂಪಾಯಿ.

ಇಷ್ಟಕ್ಕೇ ಮುಗಿದಿದ್ರೆ ಬೇರೆ. ಒಂದು ವರ್ಷಕ್ಕೆ ಅಡಾಪ್ಟರ್ ಹಾಳಾಯ್ತು, ನಾನು ಯಾವುದೋ ಒಂದನ್ನ ತಂದು ಹಾಕಿದೆ, ಕೀಬೋರ್ಡು ಮಾತೇ ಆಡಲಿಲ್ಲ. ಊರಿಗೆ ಹೋಗುವಾಗ ನಾಚಿಕೆ ಬಿಟ್ಟು ಅದನ್ನ ಮಾಮನ ಹತ್ರವೇ ತಗೊಂಡು ಹೋದೆ. ಪಿನ್ನಿನ ಪ್ಲಸ್ಸು ಮೈನಸ್ಸು ತಿರುಗುಮುರುಗು ಅಂತ ಎರಡು ನಿಮಿಷದಲ್ಲಿ ಕಂಡುಹಿಡಿದು, ಸರಿಯಾದದ್ದು ಕೊಟ್ಟರು. ಅಡಾಪ್ಟರಿನ ದುಡ್ಡು ಮಾತ್ರ ತಗೊಂಡರು.

ಅಂಗಡಿ ತೆರೆದಿದ್ದ ಕೊನೆಯ ಭಾನುವಾರ ಹೋದೆ. ಹತ್ತು ಹನ್ನೆರಡು ಜನ ಇದ್ದರು. ಸಂಗೀತದ ಟೀಚರೊಬ್ಬರು, ಇಪ್ಪತ್ತು ವರ್ಷದಿಂದ ಪ್ರತಿ ಹೊಸ ಶಿಷ್ಯರನ್ನೂ ಶ್ರುತಿಪೆಟ್ಟಿಗೆಗೆ ಇಲ್ಲಿಗೇ ಕಳಿಸಿದವರು. ಮೊಬೈಲಿನಲ್ಲೇ ಪುಕ್ಕಟೆ ತಂಬೂರಿ ಆ್ಯಪ್ ಬಂದ ಮೇಲೂ ಕಳಿಸಿದವರು. ಪ್ರತಿ ನವರಾತ್ರಿಗೆ ಮುಂಚೆ ಢೋಲಕ್ಕಿನ ಚರ್ಮ ಬದಲಾಯಿಸೋಕೆ ಬರುವ ಭಜನಾ ಮಂಡಳಿಯವರು. ಗಿರಾಕಿ ಅಂದ್ರೆ ಇವರು. ಇವರ ನಡುವೆ ನಾನು!

ಮಾಮ ಒಂದು ಹಳೇ ನೋಟ್‌ಬುಕ್ ತೆಗೆದರು. ರೆಕಾರ್ಡಿಂಗ್ ಪಟ್ಟಿಗಳು. 1996ರ ಒಂದು ಪುಟದಲ್ಲಿ ನನ್ನ ಕೈಬರಹ, ಹನ್ನೆರಡು ಹಾಡು, ಅದರಲ್ಲಿ ಮೂರು 'ಜನುಮದ ಜೋಡಿ'ಯವು. "ನಿನ್ನಂಥೋರು ಇದ್ದದ್ದಕ್ಕೆ ಅಂಗಡಿ ನಡೀತು ಕಣೋ, ಥ್ಯಾಂಕ್ಸ್" ಅಂತ ಕೈ ಹಿಡ್ಕೊಂಡರು.

ತಡೆಯೋಕಾಗಲಿಲ್ಲ. "ಮಾಮ, ಆ ಕೀಬೋರ್ಡು..." ಅಂದೆ.

"ಗೊತ್ತು ಮಾರಾಯ. ನಾನು ಮಾರಿದ ಪೆಟ್ಟಿಗೆಯಾದ್ರೆ ನನಗೆ ಗುರುತು ಸಿಗಲ್ವಾ?" ಅಂತ ನಕ್ಕರು. "ನಾನೇನು ಸಾಚಾನಾ? ಒಂದು ಕ್ಯಾಸೆಟ್ ಕೊಂಡು ಇಡೀ ಕಾಲೇಜಿಗೆ ಕಾಪಿ ಮಾಡಿಕೊಟ್ಟೋನು ನಾನು. ಫುಟ್‌ಪಾತಿನೋರು ಬಂದಾಗ ಬೈಯೋಕೆ ಬಾಯಿ ಬರಲಿಲ್ಲ. ಕಾಫಿ ಕುಡಿ."

ಅವರು ಹಗುರ ಮಾಡಿದ್ರು. ನನಗೆ ಹಗುರ ಆಗಲಿಲ್ಲ.

ನನ್ನ ಅನಿಸಿಕೆ ಇಷ್ಟೇ. ಇಂಥ ಅಂಗಡಿ ಮುಚ್ಚಿದಾಗೆಲ್ಲ ನಾವು ತಂತ್ರಜ್ಞಾನವನ್ನ ಬೈದು, ನೆನಪು ಬರೆದು ಕೈ ತೊಳ್ಕೋತೀವಿ. ಆದರೆ ಅರ್ಧ ಲೆಕ್ಕ ನಮ್ಮ ಹೆಸರಲ್ಲಿದೆ. ಕ್ಯಾಸೆಟ್ಟನ್ನ ಕೊಂದದ್ದು ಕಾಲ ಇರಬಹುದು. ಆ ಮುಕ್ಕಾಲು ಗಂಟೆಯನ್ನ ಪುಕ್ಕಟೆ ತಗೊಂಡದ್ದು ನಾನೇ. ಅಂಗಡಿಯವರ ತಿಳಿವಳಿಕೆಗೆ ಬೇರೆ ಬಿಲ್ಲು ಇರಲ್ಲ. ಅವರು ಹೇಳೋ ಬೆಲೆಯಲ್ಲೇ ಅದು ಸೇರಿರುತ್ತೆ. ಸಲಹೆ ಒಬ್ಬರ ಹತ್ರ, ಖರೀದಿ ಇನ್ನೊಬ್ಬರ ಹತ್ರ ಅನ್ನೋದು ಜಾಣತನ ಅಲ್ಲ, ಬಾಕಿ.

ಎಲ್ಲವನ್ನೂ ಅಂಗಡಿಯಲ್ಲೇ ಕೊಳ್ಳಿ ಅಂತ ನಾನು ಹೇಳಲ್ಲ. ನಾನೇ ಕೊಳ್ಳಲ್ಲ. ಆದರೆ ಯಾರ ಹತ್ರ ಕೇಳಿ ತಿಳ್ಕೊಂಡೆವೋ ಅವರ ಹತ್ರವೇ ಕೊಳ್ಳೋಣ. ಇಲ್ಲಾಂದ್ರೆ ಅವರ ಹೊತ್ತು ತಿನ್ನೋದು ಬೇಡ. ಇಷ್ಟು ಸಾಕು.

ಬರುವಾಗ ಮಾಮ ಆ ನೋಟ್‌ಬುಕ್ಕಿನ ಹಾಳೆ ಹರಿದು ಕೊಟ್ಟರು. ದುಡ್ಡು ತಗೊಳ್ಳಲಿಲ್ಲ. ಮಗಳಿಗೆ ಅಂತ ಒಂದು ಜೊತೆ ತಾಳ ಕೊಂಡೆ. ಅದಕ್ಕೆ ಮಾತ್ರ ಚೌಕಾಶಿ ಇಲ್ಲದೆ ಪೂರ್ತಿ ದುಡ್ಡು ಕೊಟ್ಟೆ. ಆರುನೂರು ಇನ್ನೂ ನನ್ನ ಹತ್ರಾನೇ ಇದೆ.

ನಿಮ್ಮೂರಲ್ಲೂ ಇಂಥ ಒಬ್ಬ ಮಾಮ ಇನ್ನೂ ಬಾಗಿಲು ತೆರೆದುಕೊಂಡು ಕೂತಿದ್ದರೆ, ಅವರು ಫೋನ್ ಮಾಡೋ ಮುಂಚೆ ನೀವೇ ಒಮ್ಮೆ ಹೋಗಿ ಬನ್ನಿ. ಏನಂತೀರಿ?