ಚರ್ಚ್ ಜಾಗದಲ್ಲಿ ಹಿರಿಯರಿಗೆ ಮನೆ: ನೆರೆಯವರ ಒಪ್ಪಿಗೆಯೇ ಕಗ್ಗಂಟು

ಅಮೆರಿಕದ ಅನೇಕ ಪಟ್ಟಣಗಳಲ್ಲಿ ಚರ್ಚ್‌ಗಳ ಬಳಿ ಇಂದು ಜಾಗ ಹೆಚ್ಚು, ಭಕ್ತರು ಕಡಿಮೆ. ಗ್ಯಾಲಪ್ ಸಮೀಕ್ಷೆಯ ಪ್ರಕಾರ 2020ರಲ್ಲಿ ಯಾವುದಾದರೊಂದು ಪ್ರಾರ್ಥನಾ ಮಂದಿರದ ಸದಸ್ಯರಾಗಿದ್ದ ವಯಸ್ಕರ ಪ್ರಮಾಣ ಶೇ. 47ಕ್ಕೆ ಇಳಿಯಿತು. ಸಮೀಕ್ಷೆಯ ಇತಿಹಾಸದಲ್ಲಿ ಅದು ಅರ್ಧಕ್ಕಿಂತ ಕೆಳಗೆ ಬಂದದ್ದು ಅದೇ ಮೊದಲು. ಇನ್ನೊಂದೆಡೆ, ಅದೇ ವರ್ಷದ ಜನಗಣತಿಯಲ್ಲಿ 65 ದಾಟಿದವರ ಸಂಖ್ಯೆ 5.58 ಕೋಟಿ. ಭಾನುವಾರ ಮಾತ್ರ ತುಂಬುವ ವಾಹನ ನಿಲುಗಡೆ ಜಾಗದಲ್ಲಿ ಕಡಿಮೆ ಬಾಡಿಗೆಯ ಹಿರಿಯರ ವಸತಿ ಕಟ್ಟಬಾರದೇಕೆ ಎಂಬ ಆಲೋಚನೆ ಹುಟ್ಟಿದ್ದು ಇಲ್ಲಿಯೇ.

ಆಲೋಚನೆ ಸರಳ, ದಾರಿ ಮಾತ್ರ ದೀರ್ಘ. ಬಹುತೇಕ ಚರ್ಚ್‌ಗಳಿರುವುದು ಒಂಟಿ ಮನೆಗಳಿಗೆಂದೇ ಗುರುತಿಸಿದ ವಲಯಗಳಲ್ಲಿ. ಅಲ್ಲಿ ಮೂರು ಅಂತಸ್ತಿನ ವಸತಿ ಸಮುಚ್ಚಯ ಕಟ್ಟಬೇಕಾದರೆ ಭೂ ಬಳಕೆ ಬದಲಾವಣೆಗೆ ನಗರಾಡಳಿತದ ಅನುಮೋದನೆ ಬೇಕು. ಅರ್ಜಿ ಮೊದಲು ಯೋಜನಾ ಆಯೋಗಕ್ಕೆ, ಅಲ್ಲಿಂದ ನಗರ ಸಭೆಗೆ ಹೋಗುತ್ತದೆ. ಸುತ್ತಲಿನ ಮನೆಗಳಿಗೆ ನೋಟಿಸು ತಲುಪುತ್ತದೆ, ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ. ಯೋಜನೆಯ ಅಳಿವು ಉಳಿವು ಬಹುಮಟ್ಟಿಗೆ ನಿರ್ಧಾರವಾಗುವುದು ಆ ಸಭೆಯಲ್ಲಿ.

ಆ ಸಭೆಗೆ ಬರುವವರಾರು? ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರಾದ ಕ್ಯಾಥರೀನ್ ಐನ್‌ಸ್ಟೈನ್, ಡೇವಿಡ್ ಗ್ಲಿಕ್ ಮತ್ತು ಮ್ಯಾಕ್ಸ್‌ವೆಲ್ ಪಾಮರ್ ಮ್ಯಾಸಚೂಸೆಟ್ಸ್ ರಾಜ್ಯದ ಸಭಾ ನಡವಳಿಗಳನ್ನು ಪರಿಶೀಲಿಸಿ 2019ರಲ್ಲಿ ಪುಸ್ತಕ ಪ್ರಕಟಿಸಿದರು. ಮಾತನಾಡಿದವರಲ್ಲಿ ಹೊಸ ವಸತಿಯನ್ನು ಬೆಂಬಲಿಸಿದವರು ಶೇ. 15ರಷ್ಟು ಮಾತ್ರ. ಹೆಚ್ಚಿನವರು ಸ್ವಂತ ಮನೆಯುಳ್ಳ, ಬಹುಕಾಲದಿಂದ ಅಲ್ಲಿಯೇ ನೆಲೆಸಿರುವ ಹಿರಿಯರು! ಅಂದರೆ ನಾಳೆ ದೊಡ್ಡ ಮನೆ ನಿಭಾಯಿಸಲಾಗದೆ ಅದೇ ಬೀದಿಯಲ್ಲಿ ಚಿಕ್ಕ ಮನೆ ಹುಡುಕಬೇಕಾದೀತು ಎಂಬ ವಯಸ್ಸಿನವರೇ ಇಂದು ಎದ್ದು ನಿಂತು ಬೇಡವೆನ್ನುತ್ತಿದ್ದಾರೆ. ಆ ಮನೆಗಳು ನಿಜಕ್ಕೂ ಬೇಕಾದವರು, ಅಂದರೆ ಬಾಡಿಗೆ ಕಟ್ಟಲು ಪರದಾಡುವ ಒಂಟಿ ವೃದ್ಧರು, ರಾತ್ರಿಯ ಸಭೆಗೆ ಬರುವುದು ಅಪರೂಪ.

ಜನಬೆಂಬಲ ಕಲೆಹಾಕುವ ವಿಷಯದಲ್ಲಿ ಚರ್ಚ್‌ಗೆ ಒಂದು ಅನುಕೂಲವಿದೆ: ಸಂಘಟಿತ ಸಮುದಾಯ. ಆದರೆ ಇದನ್ನು ಅತಿಯಾಗಿ ನಂಬುವಂತಿಲ್ಲ. ಸದಸ್ಯರಲ್ಲಿ ಅನೇಕರು ಬೇರೆ ಬಡಾವಣೆಗಳಿಂದ ಕಾರಿನಲ್ಲಿ ಬರುವವರು. ಮತ ಹಾಕಬೇಕಾದ ನಗರ ಸಭಾ ಸದಸ್ಯನಿಗೆ ಅವರು ಮತದಾರರಲ್ಲ. ಭಕ್ತರನ್ನು ಸಭಾಂಗಣಕ್ಕೆ ತಂದು ಕೂರಿಸುವುದಕ್ಕಿಂತ, ಅರ್ಜಿ ಸಲ್ಲಿಸುವ ಮೊದಲೇ ಬೇಲಿಯಾಚೆಯ ಹತ್ತು ಮನೆಗಳ ಬಾಗಿಲು ತಟ್ಟುವುದು ಹೆಚ್ಚು ಫಲ ನೀಡೀತು. ನಕ್ಷೆ ಅಂತಿಮಗೊಂಡ ನಂತರ ಕೇಳುವ ಅಭಿಪ್ರಾಯ ಕಣ್ಣೊರೆಸುವ ತಂತ್ರವೆಂದು ನೆರೆಯವರಿಗೂ ಗೊತ್ತು.

ವಿರೋಧ ಎಷ್ಟು ದೂರ ಹೋದೀತು ಎಂಬುದಕ್ಕೆ ವರ್ಜೀನಿಯಾದ ಆರ್ಲಿಂಗ್ಟನ್ ಸಾಕ್ಷಿ. ಕ್ಲಾರೆಂಡನ್‌ನ ಫಸ್ಟ್ ಬ್ಯಾಪ್ಟಿಸ್ಟ್ ಚರ್ಚ್ ತನ್ನ ಆವರಣದಲ್ಲಿ 116 ಮನೆಗಳ ಕಟ್ಟಡಕ್ಕೆ ಮುಂದಾಯಿತು. ಅವುಗಳಲ್ಲಿ 70 ಕಡಿಮೆ ಆದಾಯದವರಿಗೆ. ಸರ್ಕಾರದ ನೆರವು ಧರ್ಮಕ್ಕೆ ಸಂದಂತಾಯಿತೆಂಬ ದಾವೆ ಫೆಡರಲ್ ಮೇಲ್ಮನವಿ ನ್ಯಾಯಾಲಯದವರೆಗೆ ಹೋಗಿ 2010ರಲ್ಲಿ ಬಿದ್ದುಹೋಯಿತು. ಜನ ವಾಸಕ್ಕೆ ಬಂದದ್ದು 2012ರಲ್ಲಿ.

ಆ ಯೋಜನೆ ಹಿರಿಯರಿಗಷ್ಟೇ ಮೀಸಲಾಗಿರಲಿಲ್ಲ. ಹಿರಿಯರ ವಸತಿಗೆ ವಿರೋಧ ತುಸು ಮೆದು. ಶಾಲೆಗೆ ಮಕ್ಕಳ ಹೊರೆಯಿಲ್ಲ, ಬೆಳಗಿನ ವಾಹನ ದಟ್ಟಣೆಯೂ ಕಡಿಮೆ ಎಂಬುದು ಪ್ರವರ್ತಕರ ನೆಚ್ಚಿನ ವಾದ. ಈ ವಾದದಲ್ಲಿ ಒಂದು ಕಹಿ ಸತ್ಯವೂ ಅಡಗಿದೆ. ಮಕ್ಕಳಿರುವ ಬಡ ಕುಟುಂಬಗಳನ್ನು ಹೊರಗಿಡಲು ಹಿರಿಯರ ಮನೆಗಳನ್ನು ಗುರಾಣಿಯಾಗಿಸುವ ಪಟ್ಟಣಗಳೂ ಇವೆ. ನ್ಯೂಜೆರ್ಸಿ ರಾಜ್ಯ ಇದನ್ನರಿತೇ, ಪಟ್ಟಣಗಳು ತಮ್ಮ ವಸತಿ ಹೊಣೆಯ ಲೆಕ್ಕಕ್ಕೆ ಇಂಥ ಮನೆಗಳನ್ನು ಎಷ್ಟು ಸೇರಿಸಬಹುದೆಂಬುದಕ್ಕೆ ಮಿತಿ ಹಾಕಿದೆ.

ಕ್ಯಾಲಿಫೋರ್ನಿಯಾ ಸಭೆಯ ಗೊಡವೆಯನ್ನೇ ತಪ್ಪಿಸಿತು. ಸೆನೆಟರ್ ಸ್ಕಾಟ್ ವೀನರ್ ಮಂಡಿಸಿ, 2024ರ ಜನವರಿ 1ರಿಂದ ಜಾರಿಗೆ ಬಂದ ಕಾಯ್ದೆಯಂತೆ, ಧಾರ್ಮಿಕ ಸಂಸ್ಥೆಯ ಜಾಗದಲ್ಲಿ ನಿಗದಿತ ಮಾನದಂಡಗಳಿಗೆ ಒಳಪಟ್ಟ ಕೈಗೆಟುಕುವ ವಸತಿಗೆ ಭೂ ಬಳಕೆ ಬದಲಾವಣೆಯೇ ಬೇಕಿಲ್ಲ. ಕಾಯ್ದೆ 2036ರವರೆಗೆ ಇರಲಿದೆ.

ಹಣದ ಪ್ರಶ್ನೆ ಆಗಲೂ ಉಳಿಯುತ್ತದೆ. 1959ರಲ್ಲಿ ಆರಂಭವಾದ ಫೆಡರಲ್ ಹಿರಿಯರ ವಸತಿ ಯೋಜನೆಯ ಅನುದಾನಕ್ಕೆ ಪೈಪೋಟಿ ತೀವ್ರ. ಚರ್ಚ್‌ನೊಳಗಿನ ಒಪ್ಪಿಗೆಯೂ ಬೇಕು: ಯುನೈಟೆಡ್ ಮೆಥಡಿಸ್ಟ್ ಪಂಥದಲ್ಲಿ ಆಸ್ತಿ ಇರುವುದು ಇಡೀ ಪಂಥದ ಪರವಾದ ನ್ಯಾಸದಲ್ಲಿ, ಸ್ಥಳೀಯ ಸಭೆಯೊಂದೇ ತೀರ್ಮಾನಿಸಲಾಗದು. ತಾವು ಮದುವೆಯಾದ ಕಟ್ಟಡ ನೆಲಕ್ಕುರುಳುವುದನ್ನು ಹಳೆಯ ಸದಸ್ಯರು ಸುಲಭವಾಗಿ ಒಪ್ಪುವುದಿಲ್ಲ. ಆರ್ಲಿಂಗ್ಟನ್‌ನದೇ ಪ್ರೆಸ್‌ಬಿಟೇರಿಯನ್ ಚರ್ಚ್ ಒಂದು ತನ್ನ ಜಾಗವನ್ನು ಮಾರಿ, ಕಟ್ಟಡವನ್ನು ಕೆಡವಲು ಬಿಟ್ಟಿತು. 2019ರಲ್ಲಿ ಅಲ್ಲಿ 173 ಮನೆಗಳ ಗಿಲಿಯಮ್ ಪ್ಲೇಸ್ ತೆರೆಯಿತು. ಆ ಸಭೆ ಅದರ ನೆಲಮಹಡಿಯಲ್ಲಿ ಬಾಡಿಗೆದಾರನಾಗಿ ಪ್ರಾರ್ಥನೆ ಮುಂದುವರಿಸಿತು.