ಮೊದಲು ಟೇಪು, ಆಮೇಲೆ ಫೀಸು

ಬೆಂಗಳೂರಿನಲ್ಲಿ ಫೈರ್‌ಮನ್ ಕೆಲಸ ಗ್ಯಾರಂಟಿ ಅಂತ ನಮ್ಮ ಬಸ್‌ಸ್ಟ್ಯಾಂಡ್ ಗೋಡೆ ತುಂಬ ಪೋಸ್ಟರ್. ಒಳಗೆ ಹೋದರೆ ಮೊದಲು ಕೇಳುವುದು ಫೀಸು. ಹುಡುಗನನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆದ ಕೋಚಿಂಗ್ ಸೆಂಟರನ್ನು ನಾವಂತೂ ನೋಡಿಲ್ಲ.

ಈ ಕೆಲಸಕ್ಕೆ ಅಳತೆಯೇ ಬಾಗಿಲು. ನಮ್ಮ ರಾಜ್ಯದಲ್ಲಿ ಫೈರ್‌ಮನ್ ಆಗಲು ಓದು ಎಸ್ಸೆಸ್ಸೆಲ್ಸಿ ಸಾಕು. ಆದರೆ ಎತ್ತರ, ಎದೆ ಸುತ್ತಳತೆ, ಕಣ್ಣು, ಓಟ ಯಾವುದರಲ್ಲಿ ಬಿದ್ದರೂ ಸೀದಾ ಮನೆಗೆ. 2023ರ ಫೆಬ್ರವರಿಯಲ್ಲಿ ಮುಂಬೈ ಅಗ್ನಿಶಾಮಕ ದಳ 910 ಹುದ್ದೆಗೆ ಭರ್ತಿ ನಡೆಸಿತು. ಹೆಣ್ಣುಮಕ್ಕಳಿಗೆ 162 ಸೆಂ.ಮೀ. ಎತ್ತರ ಬೇಕಿತ್ತು. ಅಷ್ಟು ಎತ್ತರ ಇದ್ದರೂ ಹೊರಗೆ ಹಾಕಿದರು ಎಂದು ಹುಡುಗಿಯರು ದಹಿಸರ್‌ನಲ್ಲಿ ಪ್ರತಿಭಟನೆಗೆ ಇಳಿದರು.

ನಿಯಮವೇ ಬೇಡ ಎಂದು ನಾವು ಹೇಳುತ್ತಿಲ್ಲ. ನೀರು ತುಂಬಿದ ಪೈಪು ಹಿಡಿದು ಹೊಗೆಯೊಳಗೆ ಮಹಡಿ ಹತ್ತಲು ಗಟ್ಟಿ ದೇಹ ಬೇಕೇ ಬೇಕು. ನಮ್ಮ ತಕರಾರು ಅಳತೆಯನ್ನು ಕೊನೆಗೆ ಇಡುವುದರ ಮೇಲೆ. ಹಸು ಮಾರಿ ಫೀಸು ಕಟ್ಟಿದವನಿಗೆ ಒಂದು ಸೆಂಟಿಮೀಟರ್ ಕಡಿಮೆ ಎಂಬುದು ಭರ್ತಿಯ ಮೈದಾನದಲ್ಲೇ ಗೊತ್ತಾಗಬೇಕೇ?

ಅರ್ಜಿ ಕರೆಯುವ ಮುಂಚೆ ಒಂದು ದಿನ ಅಗ್ನಿಶಾಮಕ ಠಾಣೆಗಳಲ್ಲೇ ಪುಕ್ಕಟೆ ಅಳತೆ ನಡೆಯಲಿ. ಒಂದು ಟೇಪು, ಒಂದು ತೂಕದ ಯಂತ್ರ, ಒಬ್ಬ ಸಿಬ್ಬಂದಿ ಸಾಕು. ಇದಕ್ಕೆ ಬಜೆಟ್ ಇಲ್ಲ ಎಂದರೆ ಯಾರು ನಂಬುತ್ತಾರೆ?

ಅಲ್ಲಿಯವರೆಗೆ, ತಮ್ಮಂದಿರೇ, ತಂಗಿಯರೇ, ಚಪ್ಪಲಿ ಬಿಟ್ಟು ಗೋಡೆಗೆ ನಿಂತು ಮನೆಯವರ ಕೈಲಿ ಅಳೆಸಿಕೊಳ್ಳಿ. ಅಧಿಸೂಚನೆಯ ಜೊತೆ ಇಟ್ಟು ನೋಡಿ. ಆಮೇಲೆ ಜೇಬಿಗೆ ಕೈ ಹಾಕಿ.