ಕಾಟಕಾಯಿಯೋ? ಸಮರವೋ?

ನಮ್ಮ ಕಡೆಯ ಅಜ್ಜಿಯಂದಿರು ತುಂಟ ಮಕ್ಕಳನ್ನು ಗದರಿಸುವಾಗ "ಎಂಥದು ಮಾರಾಯ ನಿನ್ನ ಕಾಟಕಾಯಿ!" ಎನ್ನುವುದುಂಟು. ಮಾಸ್ತರಿಕೆ ಮಾಡುತ್ತಿದ್ದಾಗ ನಾನೂ ಆ ಮಾತನ್ನು ಆಡಿದ್ದೇನೆ. ಅದರ ಹಿಂದೆ ಈ ಜಿಲ್ಲೆಯ ರೈತರ ನೆತ್ತರಿದೆಯೆಂದು ಅಂದು ನನಗೆ ಹೊಳೆದಿರಲಿಲ್ಲ.

1834ರಲ್ಲಿ ಕುಂಪಣಿ ಸರಕಾರವು ಕೊಡಗನ್ನು ನುಂಗಿ, ಅಮರಸುಳ್ಯ, ಪುತ್ತೂರು ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅದುವರೆಗೆ ಬೆಳೆಯ ರೂಪದಲ್ಲಿ ತೀರ್ವೆ ಸಲ್ಲಿಸುತ್ತಿದ್ದ ರೈತನು ರೊಕ್ಕವನ್ನೇ ಎಣಿಸಬೇಕಾಯಿತು. ರೈತರು ಸಿಡಿದೆದ್ದರು. ಕೆದಂಬಾಡಿ ರಾಮಯ್ಯ ಗೌಡರೇ ಮೊದಲಾದವರು ಬೆಳ್ಳಾರೆಯ ಖಜಾನೆಯನ್ನು ಹಿಡಿದರು. 1837ರ ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಬಾವುಟ ಏರಿಸಿದರು. ಸುಮಾರು 13 ದಿನ ಊರು ಅವರ ಕೈಯಲ್ಲಿತ್ತು. ಸೈನ್ಯ ಬಂದು ದಂಗೆಯನ್ನು ಅಡಗಿಸಿತು. ಕಲ್ಯಾಣಸ್ವಾಮಿಯೆಂದು ಹೆಸರಾಗಿದ್ದ ಪುಟ್ಟಬಸಪ್ಪನನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು.

ಆದರೆ ಜನರ ಬಾಯಲ್ಲಿ ಉಳಿದುದೇನು? "ಕಲ್ಯಾಣಪ್ಪನ ಕಾಟಕಾಯಿ". ತೀರ್ವೆಯ ಕಥೆ ಮರೆತುಹೋಯಿತು, ಬೈಗುಳ ಉಳಿಯಿತು. 2022ರ ನವೆಂಬರ್ 19ರಂದು ಅದೇ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆಯನ್ನು ಮುಖ್ಯಮಂತ್ರಿಗಳು ಅನಾವರಣ ಮಾಡಿದರು. ಹೆಸರು ಬದಲಾಗಲು 185 ವರ್ಷ ಬೇಕಾಯಿತು!

ಅದೇ ದಿನ ಸಂಜೆ ಇದೇ ಊರಿನಲ್ಲಿ ರಿಕ್ಷಾವೊಂದರಲ್ಲಿ ಕುಕ್ಕರ್ ಬಾಂಬು ಸಿಡಿಯಿತು. ಬೆಂದುಹೋದವರಲ್ಲಿ ದುಡಿದು ತಿನ್ನುವ ಚಾಲಕನೂ ಒಬ್ಬ. "ಇದನ್ನೂ ಭಯೋತ್ಪಾದನೆ ಎನ್ನಬಾರದೇ ಮಾಸ್ತರೇ?" ಎಂದು ನೀವು ಕೇಳುವಿರಿ. ನ್ಯಾಯವಾದ ಪ್ರಶ್ನೆ. ನೀವು ಅನ್ನಿರಿ, ನಾನೂ ಅನ್ನುತ್ತೇನೆ. ಪೊಲೀಸರು ಹಾಗೆಂದರೆ, ಪೊಲೀಸರು ಹಾಗೆಂದರೆಂದು ಪತ್ರಿಕೆ ಬರೆಯಲಿ. ಆದರೆ ಸುದ್ದಿಯ ಕೆಲಸ ಬೇರೆ. ಕುಕ್ಕರಿನಲ್ಲಿ ಸ್ಫೋಟಕವಿತ್ತು, ಅಮಾಯಕನೊಬ್ಬ ಸುಟ್ಟುಹೋದ ಎಂದು ಬರೆದರೆ ಆ ಕೃತ್ಯದ ಕ್ರೌರ್ಯ ಕಾಸಿನಷ್ಟೂ ಕಡಿಮೆಯಾಗದು.

ನಮ್ಮವರ ತಪ್ಪನ್ನೂ ಹೇಳಬೇಕು. 1941ರಲ್ಲಿ, ಆಗ ಈ ಜಿಲ್ಲೆಗೇ ಸೇರಿದ್ದ ಕಯ್ಯೂರಿನಲ್ಲಿ ರೈತರ ಮೆರವಣಿಗೆಯ ನಡುವೆ ಸಿಕ್ಕಿದ ಪೊಲೀಸನೊಬ್ಬ ಹೊಳೆಯಲ್ಲಿ ಸತ್ತ. 1943ರ ಮಾರ್ಚ್ 29ರಂದು ಕಣ್ಣಾನೂರಿನಲ್ಲಿ ನಾಲ್ವರು ರೈತ ತರುಣರನ್ನು ಗಲ್ಲಿಗೇರಿಸಿದರು. ಸರಕಾರಕ್ಕೆ ಅವರು ಕೊಲೆಗಡುಕರು, ನಮಗೆ ಹುತಾತ್ಮರು. ನಾನು ಅವರಿಗೆ ಕೈ ಮುಗಿಯುತ್ತೇನೆ. ಆದರೆ ಸತ್ತ ಪೊಲೀಸನೂ ಸಂಬಳಕ್ಕೆ ದುಡಿದವನೆಂದು ನಮ್ಮ ಭಾಷಣಗಳಲ್ಲಿ ಎಷ್ಟು ಬಾರಿ ಹೇಳಿದ್ದೇವೆ? "ಹುತಾತ್ಮ" ಎಂಬ ಮಾತೂ ಒಂದು ಹೆಣವನ್ನು ಮುಚ್ಚಿಡಬಲ್ಲುದು.

ವ್ಯಾಪಾರಿ ಮಿತ್ರರಿಗೆ ತಿಳಿದ ಮಾತು: ತಕ್ಕಡಿಯ ತಟ್ಟೆಯಡಿ ಹುಣಸೆಹಣ್ಣು ಅಂಟಿಸಿದರೆ ತೂಕ ನಡೆಯುವ ಮೊದಲೇ ಮೋಸ ನಡೆದಿರುತ್ತದೆ. ಸುದ್ದಿಯಲ್ಲಿ ಸೇರಿಸಿದ ಬಿರುದು ಅಂಥದೇ ಹುಣಸೆಹಣ್ಣು. ಇಂದು ಬಾಂಬು ಹಾಕಿದವನಿಗೆ ಅಂಟಿದ ಮಾತು ನಾಳೆ ಗೇಟಿನ ಮುಂದೆ ಕುಳಿತ ಮುಷ್ಕರದವನಿಗೂ ಅಂಟೀತು. "ಗೂಂಡಾ" ಎನಿಸಿಕೊಂಡವನ ಕೂಲಿಯ ಲೆಕ್ಕವನ್ನು ಮತ್ತೆ ಯಾರು ಕೇಳುತ್ತಾರೆ?

ಯಾರು, ಯಾರಿಗೆ, ಏನು ಮಾಡಿದರು, ಎಷ್ಟು ಮಂದಿ ಸತ್ತರು, ಏಕೆ ಎಂದು ಯಾರು ಹೇಳುತ್ತಾರೆ: ಪತ್ರಿಕೆ ಇಷ್ಟನ್ನು ಬರೆಯಲಿ. ಈ ಪತ್ರಿಕೆಯೂ ಸುದ್ದಿಯ ಪುಟದಲ್ಲಿ ಅದನ್ನೇ ಪಾಲಿಸಲಿ. ತೂಗುವ ಕೆಲಸ ಓದುಗನದು.